‘ಆತಿಲ್ಲ’ ಅಂದ್ರೆ ಮುಗೀತಾ?

ಆರೋಗ್ಯ ವಿಮೆ ಮಾರುವಾಗ ಕಂಪನಿಯವರು ಫೋನ್ ಮೇಲೆ ಫೋನ್ ಮಾಡ್ತಾರೆ. ಕನ್ನಡದಲ್ಲೇ ಮಾತಾಡ್ತಾರೆ, ಮನೆಯವರನ್ನೆಲ್ಲ ವಿಚಾರಿಸ್ತಾರೆ. ಕ್ಲೇಮ್ ತಿರಸ್ಕರಿಸುವಾಗ ಮಾತ್ರ ಒಂದೇ ಒಂದು ಇ-ಮೇಲ್ ಬರುತ್ತೆ. ಅದೂ ಇಂಗ್ಲಿಷಿನಲ್ಲಿ, ನಾಲ್ಕು ಸಾಲು.

ಕುಂದಾಪುರದ ಕೋಡಿಯಿಂದ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಕರೆ ಮಾಡಿದ ಅಕ್ಕನಿಗೆ ಬಂದಿದ್ದೂ ಅಂಥದ್ದೇ ನಾಲ್ಕು ಸಾಲು. ಗಂಡ ಗಂಗೊಳ್ಳಿ ಬಂದರಿನ ಬೋಟಿನಲ್ಲಿ ದುಡಿಯುವವರು. ಎದೆನೋವು ಬಂತು, ಸ್ಟೆಂಟ್ ಹಾಕಿದ್ರು, ಬಿಲ್ಲು 2 ಲಕ್ಷ 60 ಸಾವಿರ. ಪಾಲಿಸಿ ಇತ್ತು, 3 ಲಕ್ಷದ್ದು. ನಾಲ್ಕು ವರ್ಷ ತುಂಬಿದೆ, ಒಂದು ಕಂತೂ ತಪ್ಪಿಲ್ಲ. ಕ್ಯಾಶ್‌ಲೆಸ್ ಆಗಲಿಲ್ಲ ಅಂತ ಬಂಗಾರ ಅಡವಿಟ್ಟು ಬಿಲ್ಲು ಕಟ್ಟಿ ಗಂಡನನ್ನು ಮನೆಗೆ ಕರೆತಂದರು. ಆಮೇಲೆ ದುಡ್ಡು ವಾಪಸ್ ಕೇಳಿದರೆ ಈ ಇ-ಮೇಲ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟು ಇಳಿಯೋ ಹಾಗಿಲ್ಲ. ಬಡ್ಡಿಗೆ ಮಾತ್ರ ಯಾವ ನಿಷೇಧವೂ ಇಲ್ಲ. “ತಮ್ಮಾ, ಕಂಪ್ನಿಯರ್ ಆತಿಲ್ಲ ಅಂದ್ರ್. ಇನ್ನ್ ಎಂತ ಮಾಡುದ್?” ಅಂತ ಅವರು ಕೇಳಿದಾಗ ಸ್ಟುಡಿಯೋದಲ್ಲಿ ನನಗಿದ್ದದ್ದು ಒಂದೂವರೆ ನಿಮಿಷ. ಅವತ್ತು ಹೇಳಲಾಗದ್ದನ್ನು ಇವತ್ತು ಹೇಳ್ತೀನಿ.

ಇಂಜಿನಿಯರಿಂಗ್ ಓದಿದವನು ನಾನು. ಲ್ಯಾಬಿನಲ್ಲಿ ಕಲಿತ ಒಂದು ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತೆ: ಮೆಷಿನ್ ನಿಂತರೆ ಮೊದಲು ಎರರ್ ಕೋಡ್ ಓದು, ಆಮೇಲೆ ಸ್ಕ್ರೂಡ್ರೈವರ್ ಹಿಡಿ. ತಿರಸ್ಕಾರ ಪತ್ರವೂ ಹಾಗೇ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಹೈದರಾಬಾದಿನ ಐಆರ್‌ಡಿಎಐ, 2024ರ ಮೇ 29ರಂದು ಹೊರಡಿಸಿದ ಸುತ್ತೋಲೆ ಪ್ರಕಾರ, ಕ್ಲೇಮ್ ನಿರಾಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಕಂಪನಿ ಬರೆದು ತಿಳಿಸಲೇಬೇಕು. ಮೂರು ಜನರ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. “ನಿಯಮದಂತೆ ಸಾಧ್ಯವಿಲ್ಲ” ಅಂತಷ್ಟೇ ಬಂದಿದ್ದರೆ ಅದು ಉತ್ತರವೇ ಅಲ್ಲ. ಯಾವ ನಿಯಮ, ಯಾರು ಪರಿಶೀಲಿಸಿದರು ಅಂತ ಬರವಣಿಗೆಯಲ್ಲಿ ಕೇಳಿ.

ಕೋಡಿಯ ಅಕ್ಕನ ಪತ್ರದಲ್ಲಿ ಕಾರಣ ಇತ್ತು. ‘ರೋಗಿಗೆ 10 ವರ್ಷದಿಂದ ರಕ್ತದೊತ್ತಡ ಇತ್ತು, ಪಾಲಿಸಿ ಮಾಡುವಾಗ ಮುಚ್ಚಿಟ್ಟಿದ್ದಾರೆ.’ ಅಕ್ಕ ಹೇಳುವುದೇ ಬೇರೆ: ಬಿ.ಪಿ. ಗೊತ್ತಾಗಿದ್ದೇ ಎರಡು ವರ್ಷದ ಹಿಂದೆ.

ಹಾಗಾದ್ರೆ ಈ ‘10 ವರ್ಷ’ ಎಲ್ಲಿಂದ ಬಂತು? ಇದು ಬಹಳ ಮನೆಗಳ ಕಥೆ, ಸ್ವಲ್ಪ ನಿಧಾನವಾಗಿ ನೋಡಿ. ರಾತ್ರಿ ಹೊತ್ತು ಎಮರ್ಜೆನ್ಸಿಗೆ ಓಡಿ ಬಂದಿರ್ತೀರಿ. ಡ್ಯೂಟಿಯಲ್ಲಿರೋ ಕಿರಿಯ ಡಾಕ್ಟರು “ಬಿ.ಪಿ. ಉಂಟಾ, ಎಷ್ಟು ಸಮಯದಿಂದ?” ಅಂತಾರೆ. ಗಾಬರಿಯಲ್ಲಿ ಯಾರೋ “ತುಂಬ ಸಮಯ ಆಯ್ತು” ಅಂತಾರೆ. ರೋಗಿಯ ಭಾವ ಇರಬಹುದು, ಪಕ್ಕದ ಮನೆಯವರೂ ಇರಬಹುದು. ಅದು ಕೇಸ್ ಶೀಟಿನಲ್ಲಿ ಒಂದು ಅಂಕಿಯಾಗುತ್ತೆ. ಕೇಸ್ ಶೀಟಿಂದ ಡಿಸ್ಚಾರ್ಜ್ ಸಮ್ಮರಿಗೆ, ಅಲ್ಲಿಂದ ಕಂಪನಿಯ ಮೇಜಿಗೆ. ಯಾರೂ ಪರೀಕ್ಷೆ ಮಾಡಿ ಕಂಡುಕೊಂಡದ್ದಲ್ಲ, ಕೇಳಿ ಬರೆದದ್ದು. ಡಾಕ್ಟರ ಪ್ರಮಾಣಪತ್ರವಾಗಲಿ ಹಳೆಯ ಚಿಕಿತ್ಸೆಯ ದಾಖಲೆಯಾಗಲಿ ಇಲ್ಲದೆ ಬರೀ ಆ ಒಂದು ಸಾಲು ಸಾಕಾಗೋದಿಲ್ಲ ಅಂತ ಗ್ರಾಹಕ ಆಯೋಗಗಳು ಹಲವು ಬಾರಿ ಹೇಳಿವೆ. ಮುಚ್ಚಿಟ್ಟಿದ್ದಾರೆ ಅನ್ನೋದನ್ನು ಸಾಬೀತು ಮಾಡಬೇಕಾದವರು ಹಾಗೆ ಹೇಳಿದವರು, ಅಂದ್ರೆ ಕಂಪನಿ.

ಹಾಗಂತ ಕೈಕಟ್ಟಿ ಕೂರಬೇಡಿ. ಚಿಕಿತ್ಸೆ ಕೊಟ್ಟ ಹಿರಿಯ ಡಾಕ್ಟರ ಹತ್ತಿರ ಹೋಗಿ, ಆ ಅಂಕಿಗೆ ಆಧಾರ ಏನು ಅಂತ ಸ್ಪಷ್ಟಪಡಿಸೋ ಪತ್ರ ಕೇಳಿ. ಬಿ.ಪಿ. ಮಾತ್ರೆಯ ಮೊದಲ ಚೀಟಿ ಹುಡುಕಿ. ಪ್ರಾಥಮಿಕ ಆರೋಗ್ಯ ಕೇಂದ್ರದ್ದಾದರೂ ಸರಿ, ಊರಿನ ಡಾಕ್ಟರದ್ದಾದರೂ ಸರಿ. ಅದರ ಮೇಲಿನ ತಾರೀಖೇ ನಿಮ್ಮ ಸಾಕ್ಷಿ. ಇನ್ನೊಂದು ಕಾಗದ, ಪಾಲಿಸಿ ಮಾಡುವಾಗ ತುಂಬಿದ ಪ್ರಪೋಸಲ್ ಫಾರ್ಮ್. ನಮ್ಮಲ್ಲಿ ಅದನ್ನು ತುಂಬೋದು ಏಜೆಂಟು, ನಾವು ಸಹಿ ಹಾಕ್ತೀವಿ ಅಷ್ಟೆ. ಅದರ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು ಅಂತ ನಿಯಮವೇ ಇದೆ. ತರಿಸಿಕೊಂಡು ನೋಡಿ: ಆ ಪ್ರಶ್ನೆ ಕೇಳಿದ್ದಾರಾ, ಉತ್ತರದ ಜಾಗದಲ್ಲಿ ಏನಿದೆ?

2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ತೀರ್ಪು ಕೊಟ್ಟಿತು. ಪೀಠದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಜೊತೆ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಅಮೆರಿಕಕ್ಕೆ ಹೊರಟಿದ್ದ ಒಬ್ಬರು ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆ ಇದೆ ಅಂತ ಹೇಳಿದ್ದರು. ಅಲ್ಲಿ ಇಳಿಯುತ್ತಿದ್ದಂತೆ ಹೃದಯದ ತೊಂದರೆ, ಮೂರು ಸ್ಟೆಂಟ್. ಕೊಲೆಸ್ಟರಾಲ್ ಮಾತ್ರೆ ತಗೊಳ್ತಿದ್ದದ್ದು ಹೇಳಿಲ್ಲ ಅಂತ ಕಂಪನಿ ಕೈ ಎತ್ತಿತು. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲೂ ಅವರು ಸೋತರು. ಸುಪ್ರೀಂ ಕೋರ್ಟ್ ಹೇಳಿತು: ಆರೋಗ್ಯದ ಸ್ಥಿತಿ ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ, ಅವರು ಮೊದಲೇ ತಿಳಿಸಿದ್ದ ಕಾಯಿಲೆಯನ್ನೇ ನೆಪ ಮಾಡಿ ಕ್ಲೇಮ್ ನಿರಾಕರಿಸುವಂತಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಾನು ಏಜೆಂಟ್ ಆಗಿಬಿಡ್ತೀನಿ. 2009ರಲ್ಲಿ ಇದೇ ಸುಪ್ರೀಂ ಕೋರ್ಟ್ ಕಂಪನಿ ಪರ ತೀರ್ಪು ಕೊಟ್ಟಿದೆ. ಅಲ್ಲಿ ರೋಗಿಗೆ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಎರಡೂ ಇದ್ದವು, ಫಾರ್ಮಿನಲ್ಲಿ ಹೇಳಿರಲಿಲ್ಲ. ನಿಜವಾಗಿ ಮುಚ್ಚಿಟ್ಟಿದ್ದರೆ ಯಾವ ಬಾಗಿಲು ತಟ್ಟಿದರೂ ಕಷ್ಟ. ಒಂದು ರಕ್ಷಣೆ ಮಾತ್ರ ಇದೆ. 2024ರ ಏಪ್ರಿಲ್‌ನಿಂದ ಬಂದ ನಿಯಮದಂತೆ ಪಾಲಿಸಿ ಸತತ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು ‘ಮುಚ್ಚಿಟ್ಟಿರಿ’ ಅನ್ನೋ ಕಾರಣ ಕೊಡುವಂತಿಲ್ಲ. ಮೊದಲು ಇದು 8 ವರ್ಷ ಇತ್ತು. ಕಾಯುವ ಅವಧಿಯನ್ನೂ ಆಗಲೇ ಗರಿಷ್ಠ 3 ವರ್ಷಕ್ಕೆ ಇಳಿಸಿದರು. ಕಂತು ಕಟ್ಟದೆ ಪಾಲಿಸಿ ರದ್ದಾಗಿ ಹೊಸದು ಮಾಡಿಸಿದರೆ ಎಣಿಕೆ ಮತ್ತೆ ಒಂದರಿಂದ. ನಿಷೇಧದ ತಿಂಗಳಲ್ಲಿ ಕಂತಿನ ದಿನ ಬೀಳೋ ಮನೆಯವರು ಇದನ್ನು ನೆನಪಿಡಿ.

ಈಗ ದಾರಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು ದೂರು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಫೋನಿನಲ್ಲಿ ಜಗಳ ಆಡಿದ್ದು ಲೆಕ್ಕಕ್ಕಿಲ್ಲ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಿನಲ್ಲೂ ದಾಖಲಿಸಬಹುದು, 155255ಕ್ಕೆ ಫೋನೂ ಮಾಡಬಹುದು. ಆದರೆ ಅಲ್ಲಿ ನ್ಯಾಯತೀರ್ಮಾನ ಆಗೋದಿಲ್ಲ, ದೂರು ಕಂಪನಿಗೇ ಹೋಗುತ್ತೆ. ಸರ್ಕಾರ ನೋಡ್ತಿದೆ ಅನ್ನೋ ಭಯ ಇರುತ್ತೆ ಅಷ್ಟೆ.

ಒಂದು ತಿಂಗಳಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಅಂದ್ರೆ ವಿಮಾ ಓಂಬುಡ್ಸ್‌ಮನ್. ಇಡೀ ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕ ಇಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ. ಇದು ನನಗೆ ಬಹಳ ಹಿಡಿಸಿದ ವಿಷಯ: ಕಂಪನಿಯವರೂ ವಕೀಲರನ್ನು ಕರೆತರುವಂತಿಲ್ಲ. ದೂರು ಆನ್‌ಲೈನಿನಲ್ಲಿ ಕೊಡಬಹುದು, ವಿಚಾರಣೆ ವಿಡಿಯೋದಲ್ಲೂ ನಡೆಯುತ್ತೆ. ಕೋಡಿಯಿಂದ ರಾತ್ರಿ ಬಸ್ಸು ಹತ್ತಬೇಕಾಗಿಲ್ಲ. 50 ಲಕ್ಷದವರೆಗಿನ ಪರಿಹಾರ ಕೊಡೋ ಅಧಿಕಾರ ಅವರಿಗಿದೆ. ಬ್ಯಾಂಕಿನ ಮೂಲಕ ಮಾಡಿಸಿದ ಗುಂಪು ವಿಮೆಯೂ ಇದರಲ್ಲಿ ಬರುತ್ತೆ. ಆದೇಶ ಕಂಪನಿಯನ್ನು ಕಟ್ಟಿಹಾಕುತ್ತೆ. 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೇ ಕೊಡಬೇಕು. ನೀವು ಕೊಟ್ಟ ದೂರನ್ನು ಕಂಪನಿ ತಳ್ಳಿಹಾಕಿದ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು ಅನ್ನೋದೊಂದೇ ಎಚ್ಚರ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಸಹಕಾರ ಸಂಘಗಳ ಸದಸ್ಯರಿಗಿರೋ ಯಶಸ್ವಿನಿ, ಇವು ಸರ್ಕಾರಿ ಯೋಜನೆಗಳು, ಕಂಪನಿ ಪಾಲಿಸಿಗಳಲ್ಲ. ಅವುಗಳ ದೂರು ಆಯಾ ಯೋಜನೆಯ ಟ್ರಸ್ಟಿಗೆ. ಆಸ್ಪತ್ರೆಯ ರಿಯಾಯಿತಿ ಕಾರ್ಡಂತೂ ವಿಮೆಯೇ ಅಲ್ಲ.

ಓಂಬುಡ್ಸ್‌ಮನ್ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತೆ, ನಿಮ್ಮನ್ನಲ್ಲ. ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಉಲ್ಟಾ ಆಗಲ್ಲ: ಆಯೋಗದಲ್ಲಿ ಕೇಸಿದ್ದರೆ ಓಂಬುಡ್ಸ್‌ಮನ್ ಮುಟ್ಟೋದಿಲ್ಲ. 2019ರ ಕಾಯ್ದೆಯ ಮೇಲೆ ನೀವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಕೋಡಿಯವರಿಗೆ ಉಡುಪಿ ಸಾಕು, ಕಂಪನಿಯ ಹೆಡ್ ಆಫೀಸು ಮುಂಬಯಿಯಲ್ಲೇ ಇರಲಿ, ಚೆನ್ನೈಯಲ್ಲೇ ಇರಲಿ. ನೀವು ಕಟ್ಟಿದ ಕಂತು 5 ಲಕ್ಷದೊಳಗಿದ್ದರೆ ಶುಲ್ಕ ಸೊನ್ನೆ. ಗ್ರಾಹಕರ ಹಕ್ಕು ಈ ಭಾಗಕ್ಕೆ ಹೊಸ ಮಾತೇನಲ್ಲ. ಡಾ. ರವೀಂದ್ರನಾಥ ಶಾನುಭಾಗರ ಬಳಕೆದಾರರ ವೇದಿಕೆ ಬೆಳೆದ ಬಸ್ರೂರು ಕುಂದಾಪುರದ ಪಕ್ಕದಲ್ಲೇ ಇದೆ. ಆಯೋಗಕ್ಕೆ ಗಡುವು ತಿರಸ್ಕಾರದ ದಿನದಿಂದ 2 ವರ್ಷ. ನೀವು ಓಂಬುಡ್ಸ್‌ಮನ್ ಹತ್ತಿರ ಕಳೆದ ತಿಂಗಳುಗಳೂ ಆ 2 ವರ್ಷದೊಳಗೇ ಓಡ್ತಿರುತ್ತವೆ. ಹಾಗಾಗಿ ತಿರಸ್ಕಾರ ಪತ್ರ ಕೈಗೆ ಬಂದ ದಿನವೇ ಅದರ ಮೇಲೆ ತಾರೀಖು ಬರೆದಿಡಿ.