ಪರೇಲಿನ ಇಲಿಗಳು ಎಬ್ಬಿಸಿದ ಪ್ರಶ್ನೆ

ಮುಂಬೈಯ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಬಾಗಿಲು ತೆರೆದದ್ದು 1941ರಲ್ಲಿ. ಆ ದಶಕದಲ್ಲೇ ಜೀವವಿಜ್ಞಾನಿ ಕಮಲ್ ರಣದಿವೆ ಅಲ್ಲಿ ರೋಗವಿಜ್ಞಾನಿ ವಿ. ಆರ್. ಖಾನೋಲ್ಕರ್ ಅವರ ಕೈಕೆಳಗೆ ಇಲಿಗಳ ಸ್ತನಗ್ರಂಥಿ ಪರೀಕ್ಷಿಸುತ್ತ ಕೂತರು. ಕೆಲವು ತಳಿಗಳಲ್ಲಿ ಗೆಡ್ಡೆ ತಲೆಮಾರಿನಿಂದ ತಲೆಮಾರಿಗೆ ಬರುತ್ತಿತ್ತು, ಕೆಲವಕ್ಕೆ ಅದರ ಸುಳಿವೇ ಇಲ್ಲ. ಹಾರ್ಮೋನು, ತಾಯಿಹಾಲಿನಲ್ಲಿ ಮರಿಗೆ ದಾಟುವ ವೈರಸ್, ವಂಶ ಮೂರನ್ನೂ ಅವರು ಒಟ್ಟಿಗೇ ನೋಡಿದರು. 1949ರಲ್ಲಿ ಪಿಎಚ್.ಡಿ., ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕೋಶ ಬೆಳೆಸುವ ತಜ್ಞ ಜಾರ್ಜ್ ಗೇ ಅವರ ಪ್ರಯೋಗಾಲಯ. ಮರಳಿದ ಮೇಲೆ ಮುಂಬೈಯಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯ ಕಟ್ಟಿದರು.

ಅಂಥ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಆರೋಗ್ಯವಂತ ಕೋಶಗಳು ತಳ ತುಂಬಿ, ಪಕ್ಕದ ಕೋಶಕ್ಕೆ ಮೈ ತಾಗಿದೊಡನೆ ಬೆಳೆಯುವುದನ್ನು ನಿಲ್ಲಿಸುತ್ತವೆ. ಕ್ಯಾನ್ಸರ್ ಕೋಶಗಳಿಗೆ ಆ ಪರಿವೆಯಿಲ್ಲ, ಒಂದರ ಮೇಲೊಂದು ಹತ್ತಿ ರಾಶಿಯಾಗುತ್ತವೆ. ಕೋಶದ ಬೆಳವಣಿಗೆಯನ್ನು ನಿಲ್ಲಿಸುವುದು ಯಾವುದು?

ವಿಜ್ಞಾನಿಗಳ ಕಣ್ಣು ಬಹುಕಾಲ ಕೋಶವನ್ನು ಬೆಳೆಸುವ ಜೀನ್‌ಗಳ ಮೇಲೆಯೇ ಇತ್ತು. 1979ರಲ್ಲಿ ಪಿ53 ಪ್ರೊಟೀನ್ ಸಿಕ್ಕಾಗ ಅದನ್ನೂ ಆ ಸಾಲಿಗೇ ಸೇರಿಸಿದರು. ಪ್ರಯೋಗಕ್ಕೆ ಬಳಸಿದ ಜೀನ್ ಪ್ರತಿಗಳೇ ಕೆಟ್ಟಿದ್ದವು, ಸರಿಯಾದ ಪಿ53 ಬೆಳವಣಿಗೆಯನ್ನು ತಡೆಯುತ್ತದೆ ಎಂಬುದು ಹೊರಬಿದ್ದದ್ದು 1989ರ ಹೊತ್ತಿಗೆ. ಹತ್ತು ವರ್ಷ ಕಾವಲುಗಾರನನ್ನೇ ಕಳ್ಳನೆಂದು ನಂಬಿದ್ದಾಯಿತು!

ಮಾಮೂಲಿ ದಿನಗಳಲ್ಲಿ ಪಿ53 ತಯಾರಾದಷ್ಟೇ ಬೇಗ ನಾಶವಾಗುತ್ತಿರುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದರೆ ಆ ನಾಶ ನಿಂತು ಅದರ ಪ್ರಮಾಣ ಏರುತ್ತದೆ. ಆಗ ಅದು ಪಿ21 ಎಂಬ ಪ್ರೊಟೀನನ್ನು ಹುಟ್ಟಿಸುತ್ತದೆ, ಪಿ21 ಕೋಶವಿಭಜನೆಯನ್ನು ತಡೆಹಿಡಿಯುತ್ತದೆ. ರಿಪೇರಿಗೆ ಬಿಡುವು ಸಿಗುತ್ತದೆ. ರಿಪೇರಿಗೂ ಮೀರಿದ್ದರೆ ಕೋಶ ತಾನೇ ಸಾಯುವಂತೆ ಪಿ53 ಮಾಡುತ್ತದೆ. ಸ್ತನ ಕ್ಯಾನ್ಸರ್ ಗೆಡ್ಡೆಗಳಲ್ಲಿ ಸುಮಾರು ಮೂರರಲ್ಲಿ ಒಂದರಲ್ಲಿ ಈ ಪಿ53ರ ಜೀನೇ ಕೆಟ್ಟಿರುತ್ತದೆ.

ರಣದಿವೆಯವರ ಇಲಿಗಳು ಎಬ್ಬಿಸಿದ ವಂಶದ ಪ್ರಶ್ನೆಗೆ ಉತ್ತರ ಬಂದದ್ದು ಅಮೆರಿಕದಿಂದ. ವಂಶದಲ್ಲಿ ಬರುವ ಸ್ತನ ಕ್ಯಾನ್ಸರಿನ ಜೀನ್ ಹುಡುಕುತ್ತಿದ್ದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ 1990ರಲ್ಲಿ 17ನೇ ವರ್ಣತಂತುವಿನತ್ತ ಬೆರಳು ತೋರಿದರು. 1994ರಲ್ಲಿ ಬಿಆರ್‌ಸಿಎ1 ಜೀನ್ ಕೈಗೆ ಸಿಕ್ಕಿತು. ತುಂಡಾದ ಡಿಎನ್‌ಎ ಜೋಡಿಸಲು ನೆರವಾಗುವುದು ಇದರ ಪ್ರೊಟೀನಿನ ಕೆಲಸ. ಪ್ರತಿ ಕೋಶದಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ. ಹುಟ್ಟುವಾಗಲೇ ಒಂದು ಕೆಟ್ಟಿದ್ದರೆ ಇನ್ನೊಂದು ಹೇಗೋ ನಿಭಾಯಿಸುತ್ತದೆ. ಯಾವುದೋ ಕೋಶದಲ್ಲಿ ಅದೂ ಹೋದ ದಿನ ಡಿಎನ್‌ಎ ತಪ್ಪುಗಳು ಸೇರುತ್ತ ಹೋಗುತ್ತವೆ.

ಟಾಟಾ ಮೆಮೋರಿಯಲ್ ಕೇಂದ್ರದ ಸಂಶೋಧನಾ ಶಾಖೆ ಆಕ್ಟ್ರೆಕ್ ಈಗ ನವಿ ಮುಂಬೈಯ ಖಾರ್‌ಘರ್‌ನಲ್ಲಿದೆ. ರೋಗ ವಂಶದಲ್ಲಿ ಇಳಿದು ಬಂದ ಕುಟುಂಬಗಳ ಜೀನ್ ಪರೀಕ್ಷೆಯೂ ಅಲ್ಲಿ ನಡೆಯುತ್ತದೆ. ನಮ್ಮಲ್ಲಿ ಅಮ್ಮನಿಗಿತ್ತೇ, ಅಜ್ಜಿಗಿತ್ತೇ ಎಂದಷ್ಟೇ ವಿಚಾರಿಸುವ ರೂಢಿ. ಆದರೆ ಕೆಟ್ಟ ಪ್ರತಿ ಅಪ್ಪನಿಂದಲೂ ಅಷ್ಟೇ ಸುಲಭವಾಗಿ ಮಗಳಿಗೆ ಬರಬಹುದು. ಹಾಗಾಗಿ ಅಪ್ಪನ ಅಕ್ಕತಂಗಿಯರ ಕಥೆಯನ್ನೂ ಡಾಕ್ಟರಿಗೆ ಹೇಳಬೇಕು.