ಶೂ ಹಿಡಿದುಕೊಳ್ಳುವ ಪೆಡಲ್: ಆರಿಸುವುದು ಹೇಗೆ, ಬಳಸುವುದು ಹೇಗೆ?

ಗೇರ್ ಸೈಕಲ್‌ನಲ್ಲಿ ದೂರ ಹೋಗುವ ರೂಢಿಯಾದವರಿಗೆ ಜೊತೆಗಾರರು ಕೊಡುವ ಸಲಹೆ ಒಂದೇ: ‘ಇನ್ನು ಕ್ಲಿಪ್‌ಲೆಸ್ ಪೆಡಲ್ ಹಾಕಿಸಿ.’ ಕೇಳಿದ ಕೂಡಲೇ ಭಯವಾಗುತ್ತದೆ. ಸಿಗ್ನಲ್‌ನಲ್ಲಿ ಕಾಲು ಬಿಡಿಸಿಕೊಳ್ಳಲಾಗದೆ ಬಿದ್ದರೆ? ಹೊಸಬರು ಹಾಗೆ ಬೀಳುವುದು ಉಂಟು. ತಕ್ಕ ಪೆಡಲ್ ಆರಿಸಿ, ರಸ್ತೆಗಿಳಿಯುವ ಮೊದಲೇ ಅಭ್ಯಾಸ ಮಾಡಿಕೊಂಡರೆ ಆ ಅಪಾಯ ಬಹಳ ಕಡಿಮೆಯಾಗುತ್ತದೆ.

ಶೂ ಹಿಡಿದುಕೊಳ್ಳುವ ಈ ವ್ಯವಸ್ಥೆಯಲ್ಲಿರುವುದು ಎರಡು ಭಾಗ. ಶೂ ಅಡಿಗೆ ‘ಕ್ಲೀಟ್’ ಎಂಬ ಪುಟ್ಟ ತುಂಡನ್ನು ಬೋಲ್ಟ್ ಹಾಕಿ ಬಿಗಿಯುತ್ತಾರೆ. ಪೆಡಲ್‌ನಲ್ಲಿ ಸ್ಪ್ರಿಂಗ್ ಇರುವ ಕೊಂಡಿ ಇರುತ್ತದೆ. ಕ್ಲೀಟ್‌ನ ಮೂತಿಯನ್ನು ಕೊಂಡಿಯೊಳಗೆ ತೂರಿಸಿ ಕೆಳಕ್ಕೆ ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಹಿಮದ ಮೇಲೆ ಜಾರುವ ಸ್ಕೀ ಆಟದವರ ಬೂಟಿನ ಹಿಡಿಕೆಯಿಂದ ಬಂದ ಉಪಾಯ ಇದು. ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇದನ್ನು ಸೈಕಲ್ಲಿಗೆ ತಂದಿತು. ಮರುವರ್ಷವೇ ಸೈಕಲ್ ಓಟಗಾರ ಬರ್ನಾರ್ ಇನೊ ಈ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ರೇಸ್ ಗೆದ್ದರು.

ಇದರಿಂದ ಲಾಭವೇನು? ಕಾಲನ್ನು ಮೇಲಕ್ಕೂ ಎಳೆಯಬಹುದು, ಹಾಗಾಗಿ ಶಕ್ತಿ ದುಪ್ಪಟ್ಟಾಗುತ್ತದೆ ಎಂದು ಹೇಳುವವರಿದ್ದಾರೆ. ನಂಬಬೇಡಿ. ಒಂದೇ ವೇಗದಲ್ಲಿ ಸಾಗುವಾಗ ಬಹುಪಾಲು ಬಲ ಬರುವುದು ಕೆಳಕ್ಕೆ ತುಳಿಯುವುದರಿಂದಲೇ. ನಿಜವಾದ ಲಾಭ ಬೇರೆ. ಪಾದ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಮಳೆಯಲ್ಲಿ, ಹಂಪ್ ಮೇಲೆ, ಎದ್ದು ನಿಂತು ತುಳಿಯುವಾಗ ಜಾರುವುದಿಲ್ಲ. ಊರೊಳಗೆ ಐದಾರು ಕಿಲೋಮೀಟರ್ ಓಡಾಡುವವರಿಗೆ ಸಾಮಾನ್ಯ ಪೆಡಲ್ ಸಾಕು.

ಮುಖ್ಯವಾಗಿ ಎರಡು ಜಾತಿ ಸಿಗುತ್ತವೆ. ಮೂರು ಬೋಲ್ಟಿನದು ರೇಸ್ ಸೈಕಲ್ಲಿನವರಿಗೆ. ಅದರ ಪ್ಲಾಸ್ಟಿಕ್ ಕ್ಲೀಟ್ ದೊಡ್ಡದು, ಶೂ ಅಡಿಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಗ್ರಾನೈಟ್ ನೆಲದ ಹೋಟೆಲಿಗೆ ಕಾಫಿಗೆ ಹೋದರೆ ಹೆಜ್ಜೆ ಹೆಜ್ಜೆಗೂ ಜಾರುತ್ತದೆ. ಎರಡು ಬೋಲ್ಟಿನದನ್ನು ಎಸ್‌ಪಿಡಿ ಎನ್ನುತ್ತಾರೆ. ಜಪಾನಿನ ಶಿಮಾನೊ ಇದನ್ನು 1990ರಲ್ಲಿ ತಂದಿತು. ಇದರ ಕ್ಲೀಟ್ ಉಕ್ಕಿನದು, ಚಿಕ್ಕದು, ಸೋಲ್‌ನ ಗುಂಡಿಯೊಳಗೆ ಅಡಗಿ ಕೂರುತ್ತದೆ. ಮೆಟ್ಟಿಲು ಹತ್ತಬಹುದು, ಸೈಕಲ್ ತಳ್ಳಿಕೊಂಡು ನಡೆಯಬಹುದು. ಪೆಡಲ್‌ನ ಎರಡೂ ಬದಿಗೆ ಕೊಂಡಿ ಇರುವ ಮಾದರಿಯಾದರೆ ಕೆಳಗೆ ನೋಡದೆಯೇ ಕಾಲಿಡಬಹುದು. ಮೊದಲ ಸಲ ಕೊಳ್ಳುವವರು ಇದನ್ನೇ ಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ವಾರದ ದಿನ ಚಪ್ಪಲಿಯಲ್ಲೂ ಸೈಕಲ್ ತುಳಿಯುವವರಿಗೆ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಕೊಂಡಿ ಇರುವ ಪೆಡಲ್ ಕೂಡ ಇದೆ.

ಪೆಡಲ್ ಜೋಡಿಸುವಾಗ ಒಂದು ಎಚ್ಚರ. ಬಲಗಡೆಯದು ಎಲ್ಲ ಬೋಲ್ಟಿನಂತೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯಾಗುತ್ತದೆ. ಎಡಗಡೆಯದು ಉಲ್ಟಾ. ಗೊತ್ತಿಲ್ಲದೆ ಬಲವಂತ ಮಾಡಿದರೆ ಕ್ರ್ಯಾಂಕ್‌ನ, ಅಂದರೆ ಪೆಡಲ್ ಕೂರುವ ತೋಳಿನ, ತಿರುಪಿನ ಮರೆ ಹಾಳಾಗುತ್ತದೆ. ಮರೆಗೆ ಗ್ರೀಸ್ ಹಚ್ಚಿ, ಮೊದಲ ನಾಲ್ಕು ಸುತ್ತನ್ನು ಬೆರಳಿನಲ್ಲೇ ತಿರುಗಿಸಿ.

ಹೆಚ್ಚು ಸಮಯ ಕೊಡಬೇಕಾದದ್ದು ಕ್ಲೀಟ್ ಕೂರಿಸುವುದಕ್ಕೆ. ಇದು ತಪ್ಪಿದರೆ ಮಂಡಿ ನೋವು ಶುರುವಾಗುವುದುಂಟು. ಶೂ ಹಾಕಿಕೊಂಡು ಹೆಬ್ಬೆರಳಿನ ಬುಡದ ಗಂಟನ್ನು ಒತ್ತಿ ನೋಡಿ, ಹೊರಗೊಂದು ಗುರುತು ಮಾಡಿ. ಕಿರುಬೆರಳಿನ ಬುಡಕ್ಕೂ ಹಾಗೆಯೇ ಮಾಡಿ. ಕ್ಲೀಟ್‌ನ ನಡುಭಾಗ ಈ ಎರಡು ಗುರುತುಗಳ ನಡುವೆ ಬರಲಿ. ಕೋನ ತಿಳಿಯಲು ಮೇಜಿನ ಅಂಚಿನಲ್ಲಿ ಕುಳಿತು ಕಾಲು ಇಳಿಬಿಡಿ. ಪಾದ ತಾನಾಗಿ ಯಾವ ಕಡೆಗೆ ನೋಡುತ್ತದೋ ಕ್ಲೀಟೂ ಹಾಗೆಯೇ ಇರಲಿ. ಎರಡು ಕಾಲಿನ ಕೋನ ಬೇರೆಯಾದರೆ ಗಾಬರಿ ಬೇಡ. 4 ಮಿಲಿಮೀಟರ್ ಅಲೆನ್ ಕೀ ಹಿಡಿದು, 5ರಿಂದ 6 ನ್ಯೂಟನ್ ಮೀಟರ್ ಬಿಗಿ ಮಾಡಿ. ಆಮೇಲೆ ಕ್ಲೀಟ್ ಸುತ್ತ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದಿಡಿ. ಬದಲಿಸುವಾಗ ಹಳೆಯ ಜಾಗ ಹುಡುಕಬೇಕಾಗುವುದಿಲ್ಲ.

ಈಗ ಸ್ಪ್ರಿಂಗ್. ಪೆಡಲ್ ಮೇಲಿನ ಪುಟ್ಟ ಸ್ಕ್ರೂ ಅದರ ಹಿಡಿತವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಶುರುವಿನಲ್ಲಿ ತೀರಾ ಸಡಿಲವಾಗಿಡಿ. ಎರಡು ಬದಿಯ ಪೆಡಲ್ ಆದರೆ ಜೋಡಿಗೆ ಒಟ್ಟು ನಾಲ್ಕು ಸ್ಕ್ರೂ. ಒಂದನ್ನು ಮರೆತರೂ ಆ ಬದಿ ಮಾತ್ರ ಕಾಲು ಬಿಡದೆ ಗಾಬರಿ ಹುಟ್ಟಿಸುತ್ತದೆ.

ಇನ್ನು ಅಭ್ಯಾಸ. ಗೋಡೆಗೆ ಕೈ ಊರಿ, ಸೈಕಲ್ ಮೇಲೆ ಕುಳಿತು ಒಂದೊಂದೇ ಕಾಲು ಸಿಕ್ಕಿಸಿ ಬಿಡಿಸಿ. ಪೆಡಲ್ ಕೆಳಗಿರುವಾಗ ಬಿಡಿಸುವುದು ಸುಲಭ. ಗಾಬರಿಯಾದಾಗ ಕಾಲು ಮೇಲಕ್ಕೆ ಎಳೆಯುವುದು ನಮ್ಮ ಸ್ವಭಾವ. ಹಾಗೆ ಎಳೆದರೆ ಕೊಂಡಿ ಬಿಡುವುದಿಲ್ಲ. ಹಿಮ್ಮಡಿ ಹೊರಕ್ಕೆ ತಿರುಗುವುದು ಯೋಚಿಸದೆ ಬರುವವರೆಗೆ ಅಭ್ಯಾಸ ಮಾಡಿ. ಆಮೇಲೆ ಖಾಲಿ ಮೈದಾನ, ಕೊನೆಗೆ ರಸ್ತೆ. ಸಿಗ್ನಲ್ ಇಪ್ಪತ್ತು ಮೀಟರ್ ದೂರವಿರುವಾಗಲೇ ಗೇರ್ ಇಳಿಸಿ, ಎಡಗಾಲು ಬಿಡಿಸಿ. ನಿಂತಾಗ ಸೈಕಲ್ ಎಡಕ್ಕೇ ವಾಲಬೇಕು. ಎಡಗಾಲು ಬಿಡಿಸಿ ಬಲಕ್ಕೆ ವಾಲಿದರೆ ಬೀಳುವುದು ಖಂಡಿತ.

ಖರ್ಚಿನ ಮಾತು. ಸಾಧಾರಣ ಎಸ್‌ಪಿಡಿ ಪೆಡಲ್ ಜೋಡಿಗೆ ಸುಮಾರು 3ರಿಂದ 4 ಸಾವಿರ ರೂಪಾಯಿ. ಕ್ಲೀಟ್ ಸಾಮಾನ್ಯವಾಗಿ ಪೆಡಲ್ ಡಬ್ಬಿಯಲ್ಲೇ ಬರುತ್ತದೆ. ಶೂಗೆ ಇನ್ನೊಂದು 5 ಸಾವಿರದಷ್ಟು ಎತ್ತಿಡಿ. ಡೆಕಾಥ್ಲಾನ್‌ನಲ್ಲಿ, ಬೆಂಗಳೂರಿನಂಥ ಊರುಗಳ ಗೇರ್ ಸೈಕಲ್ ಅಂಗಡಿಗಳಲ್ಲಿ ವಿಚಾರಿಸಿ. ಪೆಡಲ್ ಆನ್‌ಲೈನ್‌ನಲ್ಲಿ ತರಿಸಿದರೆ ತೊಂದರೆಯಿಲ್ಲ. ಶೂ ಮಾತ್ರ ಸಂಜೆ ಹೊತ್ತು ಅಂಗಡಿಗೆ ಹೋಗಿ, ಹಾಕಿ ನೋಡಿಯೇ ಕೊಳ್ಳಿ. ಆ ಹೊತ್ತಿಗೆ ಪಾದ ಕೊಂಚ ಊದಿಕೊಂಡಿರುತ್ತದೆ. ಶೂ ಅಡಿಯಲ್ಲಿ ಎರಡು ಬೋಲ್ಟಿನ ತೂತು ಇದೆಯೇ ಎಂದೂ ನೋಡಿ.

ಕ್ಲೀಟ್ ಸವೆಯುವ ವಸ್ತು. ಕಾಲು ತಾನಾಗಿಯೇ ಕಳಚತೊಡಗಿದರೆ, ಅಥವಾ ಕೂತ ಮೇಲೂ ಲಟಲಟ ಅಂದರೆ ಬದಲಿಸುವ ಕಾಲ ಬಂತು. ಹೊಸ ಜೋಡಿಗೆ ಸಾವಿರ ರೂಪಾಯಿಯ ಆಸುಪಾಸು. ಹಳೆಯದನ್ನು ಬಿಚ್ಚುವ ಮೊದಲು ಬೋಲ್ಟಿನ ತಲೆಯಲ್ಲಿ ಗಟ್ಟಿಯಾಗಿ ಕೂತ ಕೆಮ್ಮಣ್ಣನ್ನು ಪಿನ್ನಿನಿಂದ ಕೆರೆದು ತೆಗೆಯಿರಿ. ಮಣ್ಣಿನ ಮೇಲೆಯೇ ಅಲೆನ್ ಕೀ ಇಟ್ಟು ತಿರುಗಿಸಿದರೆ ಬೋಲ್ಟಿನ ಮೂಲೆಗಳು ಸವೆದುಹೋಗಿ, ಅದನ್ನು ಡ್ರಿಲ್ ಮಾಡಿಯೇ ತೆಗೆಸಬೇಕಾದೀತು.