ಮಕ್ಕಳ ರಕ್ತ ಕ್ಯಾನ್ಸರ್‌ನಲ್ಲಿ ಜೀವಕೋಶ ಸಂಕೇತ ವ್ಯವಸ್ಥೆ

ಜೀವಕೋಶ ಸಂಕೇತ ವ್ಯವಸ್ಥೆ ಎಂದರೆ ಜೀವಕೋಶವು ಹೊರಗಿನಿಂದ ಬರುವ ರಾಸಾಯನಿಕ ಸೂಚನೆಗಳನ್ನು ಗ್ರಹಿಸಿ, ಅವುಗಳಿಗೆ ತಕ್ಕಂತೆ ಬೆಳೆಯುವ, ವಿಭಜನೆ ಹೊಂದುವ ಅಥವಾ ಸಾಯುವ ಕ್ರಮ. ಈ ವ್ಯವಸ್ಥೆ ಕೆಟ್ಟು, ವಿಭಜನೆಯ ಸೂಚನೆ ನಿಲ್ಲದೆ ಮುಂದುವರಿಯುವುದು ಮಕ್ಕಳ ರಕ್ತ ಕ್ಯಾನ್ಸರಿನ (ಲ್ಯುಕೇಮಿಯ) ಹಲವು ಬಗೆಗಳಲ್ಲಿ ಕಂಡುಬರುತ್ತದೆ. ಯಾವ ಸೂಚನೆ ಕೆಟ್ಟಿದೆ ಎಂದು ತಿಳಿದರೆ, ಕೆಲವು ಮಕ್ಕಳಿಗೆ ಅದನ್ನೇ ತಡೆಯುವ ಔಷಧ ಕೊಡಲು ಸಾಧ್ಯ.

ರೋಗದ ಸ್ವರೂಪ

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಲ್ಯುಕೇಮಿಯ. ಅದರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ. 2ರಿಂದ 5 ವರ್ಷದವರಲ್ಲಿ ಇದು ಹೆಚ್ಚು. ಅಸ್ಥಿಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ತುಂಬಿಕೊಂಡು, ಆರೋಗ್ಯವಂತ ಕಣಗಳಿಗೆ ಎಡೆಯಿಲ್ಲದಂತಾಗುತ್ತದೆ. ಇದರಿಂದ ರಕ್ತಹೀನತೆ, ಬಿಡದ ಜ್ವರ, ಚರ್ಮದ ಮೇಲೆ ನೀಲಿ ಕಲೆ, ಮೂಳೆನೋವು ಉಂಟಾಗುತ್ತವೆ.

ಸಂಕೇತ ಸಾಗುವ ಬಗೆ

ಜೀವಕೋಶದ ಪೊರೆಯ ಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಸೂಚನೆಯ ಅಣು ಗ್ರಾಹಕಕ್ಕೆ ಅಂಟಿದಾಗ, ಒಳಗಿನ ಕೈನೇಸ್ ಎಂಬ ಕಿಣ್ವಗಳು ಒಂದರಿಂದ ಒಂದಕ್ಕೆ ಫಾಸ್ಫೇಟನ್ನು ಸೇರಿಸುತ್ತಾ ಸುದ್ದಿಯನ್ನು ಕೋಶಕೇಂದ್ರಕ್ಕೆ ಮುಟ್ಟಿಸುತ್ತವೆ. ಕೆಲಸ ಮುಗಿದೊಡನೆ ಈ ಸರಪಳಿ ನಿಲ್ಲಬೇಕು. ವಂಶವಾಹಿಯಲ್ಲಿ ದೋಷ ಉಂಟಾದರೆ ಅದು ನಿಲ್ಲದು.

ಫಿಲಡೆಲ್ಫಿಯಾ ವರ್ಣತಂತು

1960ರಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಅವರು ಲ್ಯುಕೇಮಿಯ ರೋಗಿಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ವರ್ಣತಂತುವನ್ನು ಗುರುತಿಸಿದರು. 9 ಮತ್ತು 22ನೇ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದೇ ಇದಕ್ಕೆ ಕಾರಣವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಇದರಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು ಸದಾ ಚಾಲೂ ಇರುವ ಕೈನೇಸ್.

ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ ಇರುವ ಮಕ್ಕಳಲ್ಲಿ ಶೇ. 3ರಿಂದ 5ರಷ್ಟು ಮಂದಿಯಲ್ಲಿ ಇದು ಕಂಡುಬರುತ್ತದೆ. ಹಿಂದೆ ಇವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಈ ಕೈನೇಸನ್ನು ತಡೆಯುವ ಇಮ್ಯಾಟಿನಿಬ್ ಔಷಧಕ್ಕೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದನ್ನು ಕೀಮೋಥೆರಪಿಯೊಡನೆ ಕೊಟ್ಟ ಅಧ್ಯಯನವೊಂದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳವರೆಗೆ ರೋಗ ಮರುಕಳಿಸದೆ ಉಳಿದ ಮಕ್ಕಳ ಪ್ರಮಾಣ ಸುಮಾರು ಶೇ. 35ರಿಂದ ಶೇ. 80ಕ್ಕೆ ಏರಿತ್ತು.

ಇತರ ಸಂಕೇತ ಮಾರ್ಗಗಳು

ಟಿ-ಕಣಗಳ ಲ್ಯುಕೇಮಿಯದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ನಾಚ್-1 ವಂಶವಾಹಿಯ ದೋಷ ಇರುವುದು 2004ರಲ್ಲಿ ತಿಳಿದುಬಂತು. ನಾಚ್ ಸಂಕೇತವನ್ನು ತಡೆಯುವ ಔಷಧಗಳನ್ನು ಪ್ರಯೋಗಿಸಿದಾಗ ತೀವ್ರ ಅತಿಸಾರ ಕಾಣಿಸಿಕೊಂಡಿತು. ಕರುಳಿನ ಕೋಶಗಳಿಗೂ ಅದೇ ಸಂಕೇತ ಬೇಕಾಗಿರುವುದೇ ಕಾರಣ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಲ್ಯುಕೇಮಿಯದಲ್ಲಿ ಜಾಕ್-ಸ್ಟ್ಯಾಟ್ ಮಾರ್ಗದ ದೋಷಗಳು ಹೆಚ್ಚು. ಬಹುಕಾಲದಿಂದ ಬಳಕೆಯಲ್ಲಿರುವ ಪ್ರೆಡ್ನಿಸೋಲೋನ್ ಕೂಡ ಕೋಶದೊಳಗಿನ ಗ್ರಾಹಕಕ್ಕೆ ಅಂಟಿ, ರೋಗಗ್ರಸ್ತ ಕಣಗಳಿಗೆ ಸಾಯುವ ಸೂಚನೆ ನೀಡುತ್ತದೆ.

ಕರ್ನಾಟಕದಲ್ಲಿ

1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಇಮ್ಯಾಟಿನಿಬ್‌ನ ಹೊಸ ರೂಪಕ್ಕೆ ನೊವಾರ್ಟಿಸ್ ಕಂಪನಿ ಕೋರಿದ್ದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿತು. ಹೀಗಾಗಿ ಭಾರತೀಯ ಕಂಪನಿಗಳ ಅಗ್ಗದ ಮಾತ್ರೆಗಳ ತಯಾರಿಕೆ ಮುಂದುವರಿಯಿತು.

ಸಂಕೇತದ ದೋಷ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ತಿಳಿಯದು. ಅಸ್ಥಿಮಜ್ಜೆಯ ಮಾದರಿ ತೆಗೆದು ವರ್ಣತಂತು ಹಾಗೂ ವಂಶವಾಹಿಗಳನ್ನು ಪರೀಕ್ಷಿಸಬೇಕು. ಚಿಕಿತ್ಸೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ನಡೆಯುತ್ತದೆ. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರಿನಂತಹ ಊರಿನ ಕುಟುಂಬಕ್ಕೆ ಇದು ಪದೇ ಪದೇ ದೂರದ ಪ್ರಯಾಣ ಮತ್ತು ಕೂಲಿಯ ನಷ್ಟ. ಮೊದಲ ತಿಂಗಳ ಬಳಿಕ ಮಗು ಚೇತರಿಸಿಕೊಂಡಂತೆ ಕಂಡರೂ ಉಳಿದಿರುವ ಕೆಲವೇ ಕಣಗಳು ಮತ್ತೆ ಬೆಳೆಯಬಲ್ಲವು. ಆದ್ದರಿಂದ ಚಿಕಿತ್ಸೆಯನ್ನು ನಡುವೆ ಕೈಬಿಡಬಾರದು.